ಬೆಕ್ಕು ಪದೇ ಪದೇ ವಾಂತಿ ಮಾಡುತ್ತಿದೆಯೇ? ಕಾರಣ ಹುಡುಕುವ ಬಗೆ

ಬೆಳಗಿನ ಜಾವ ಐದು ಗಂಟೆ. ಮಂಚದ ಕೆಳಗಿನಿಂದ ಒಂದು ಸದ್ದು. ಗುಳುಕ್, ಗುಳುಕ್, ಗುಳುಕ್. ಬೆಕ್ಕು ಸಾಕಿದವರಿಗೆ ಎಂಥ ನಿದ್ದೆಯಲ್ಲೂ ಎಚ್ಚರವಾಗುವ ಸದ್ದು ಅದು.

ನಮ್ಮ ಚಿನ್ನಿಗೆ ಹನ್ನೊಂದು ವರ್ಷವಾಗಿದ್ದಾಗ ವಾರಕ್ಕೆ ಎರಡು ಸಲ ಹೀಗೆ ಎಬ್ಬಿಸುತ್ತಿದ್ದಳು. ನಾನು ಎದ್ದು ನೆಲ ಒರೆಸಿ, 'ಕೂದಲು ಇರಬೇಕು' ಎಂದುಕೊಂಡು ಮತ್ತೆ ಮಲಗುತ್ತಿದ್ದೆ. ಐದು ತಿಂಗಳು ಹೀಗೇ ಕಳೆಯಿತು. ಅವಳು ಊಟ ಬಿಟ್ಟಿರಲಿಲ್ಲ. ಮೊದಲಿಗಿಂತ ಜಾಸ್ತಿಯೇ ಕೇಳುತ್ತಿದ್ದಳು. ಹಾಗಾಗಿ ಕಾಯಿಲೆ ಎಂಬುದು ತಲೆಗೇ ಬರಲಿಲ್ಲ. ಒಂದು ದಿನ ಎತ್ತಿಕೊಂಡು ಬೆನ್ನು ಸವರಿದರೆ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. 4.6 ಕಿಲೋ ಇದ್ದವಳು 3.7ಕ್ಕೆ ಇಳಿದಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಏರಿದೆ ಎಂದು ಗೊತ್ತಾಯಿತು.

'ಬೆಕ್ಕು ಅಂದಮೇಲೆ ವಾಂತಿ ಮಾಡುತ್ತೆ ಬಿಡಿ' ಎಂಬ ಮಾತನ್ನು ನಾನು ನಂಬಿದ್ದೆ. ಈಗ ನಂಬುವುದಿಲ್ಲ. ಎಂದೋ ಒಮ್ಮೆ ಕೂದಲಿನ ಉಂಡೆ ಕಕ್ಕಿದರೆ ಗಾಬರಿ ಬೇಡ. ಆದರೆ ತಿಂಗಳಿಗೆ ಎರಡು ಮೂರು ಸಲಕ್ಕಿಂತ ಜಾಸ್ತಿ ಆಗುತ್ತಿದ್ದರೆ, ಅಥವಾ ಬಿಟ್ಟು ಬಿಟ್ಟು ಮೂರು ವಾರ ದಾಟಿದರೆ, ಅದಕ್ಕೊಂದು ಕಾರಣ ಇದೆ. ಅದನ್ನು ಹುಡುಕುವ ಕೆಲಸದಲ್ಲಿ ಅರ್ಧ ವೈದ್ಯರದ್ದು, ಅರ್ಧ ನಮ್ಮದು. ಏಕೆಂದರೆ ಬೆಕ್ಕಿನ ಜೊತೆ ದಿನವಿಡೀ ಇರುವವರು ನಾವು.

ಮೊದಲಿಗೆ: ಕಾಯುವಂತಿಲ್ಲದ ವಾಂತಿ ಯಾವುದು?

ಮುಂದಿನದನ್ನೆಲ್ಲ ಓದುವ ಮೊದಲು ಇದನ್ನು ನೋಡಿ. ಇವುಗಳಲ್ಲಿ ಒಂದು ಕಂಡರೂ ಈಗಲೇ ಪಶುವೈದ್ಯರ ಬಳಿ ಹೊರಡಿ.

- ಗಂಡು ಬೆಕ್ಕು ಲಿಟರ್ ಬಾಕ್ಸ್‌ಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ, ಜೊತೆಗೆ ವಾಂತಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ. ಎಷ್ಟೋ ಜನ ಇದನ್ನು ಮಲಬದ್ಧತೆ ಎಂದುಕೊಂಡು ಸಮಯ ಕಳೆಯುತ್ತಾರೆ.
- ದಾರ, ಉಣ್ಣೆ, ರಿಬ್ಬನ್, ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ನುಂಗಿದೆ ಎಂಬ ಅನುಮಾನ ಇದೆ.
- ಲಿಲ್ಲಿ ಹೂವು, ಎಲೆ ಅಥವಾ ಹೂದಾನಿಯ ನೀರಿಗೆ ಬಾಯಿ ಹಾಕಿದೆ. ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಸಾಕು. ಮೊದಲು ವಾಂತಿ ಆಗುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣುತ್ತದೆ, ಒಂದರಿಂದ ಮೂರು ದಿನದೊಳಗೆ ಕಿಡ್ನಿ ಕೈಕೊಡುತ್ತದೆ.
- ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮನುಷ್ಯರ ಮಾತ್ರೆ ಅಥವಾ ಕಾರಿನ ಕೂಲೆಂಟ್ ಹೊಟ್ಟೆಗೆ ಹೋಗಿದೆ.
- ವಾಂತಿಯಲ್ಲಿ ರಕ್ತ ಇದೆ, ಅಥವಾ ಕಾಫಿ ಪುಡಿಯಂಥ ಕಪ್ಪು ಚೂರುಗಳಿವೆ, ಅಥವಾ ಮಲದ ವಾಸನೆ ಬರುತ್ತಿದೆ.
- ಕೆಲವೇ ಗಂಟೆಗಳಲ್ಲಿ ನಾಲ್ಕೈದು ಸಲ ಆಗಿದೆ, ಕುಡಿದ ನೀರೂ ನಿಲ್ಲುತ್ತಿಲ್ಲ.
- ಮೂಲೆಯಲ್ಲಿ ಅಡಗಿ ಕೂತಿದೆ, ಹೊಟ್ಟೆ ಮುಟ್ಟಲು ಬಿಡುತ್ತಿಲ್ಲ, ಒಸಡು ಬಿಳಿಚಿದೆ ಅಥವಾ ಹಳದಿಯಾಗಿದೆ.
- ವಾಂತಿ ಮಾಡುತ್ತಿರುವುದು ಮರಿ. ಮರಿಗಳ ಮೈಯಲ್ಲಿ ನೀರು ಬೇಗ ಇಂಗುತ್ತದೆ.
- ಒಂದು ಇಡೀ ದಿನ ಏನೂ ತಿಂದಿಲ್ಲ. ದಪ್ಪಗಿರುವ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಅದೇ ಬೇರೆ ಕಾಯಿಲೆಯಾಗುತ್ತದೆ.

ದಾರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಬಾಯಿಗೆ ಬಂದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುವುದೇ ಸುಲಭ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿ ಕರುಳಿನೊಳಗೆ ಸಾಗುತ್ತದೆ. ಆಗ ಕರುಳು, ಲಾಡಿ ಎಳೆದ ಚೀಲದ ಹಾಗೆ ನೆರಿಗೆಗಟ್ಟುತ್ತದೆ. ಬಾಯಲ್ಲೋ ಹಿಂಭಾಗದಲ್ಲೋ ದಾರ ನೇತಾಡುತ್ತಿದ್ದರೆ ದಯವಿಟ್ಟು ಎಳೆಯಬೇಡಿ. ಎಳೆದರೆ ಕರುಳು ಕೊಯ್ದುಹೋಗುತ್ತದೆ. ಕತ್ತರಿಸಲೂ ಬೇಡಿ, ಹಾಗೇ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ವಿಷ ತಿಂದಿದೆ ಎಂದು ಮನೆಯಲ್ಲೇ ಉಪ್ಪುನೀರು ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎರಡೂ ಬೆಕ್ಕಿಗೆ ಅಪಾಯ.

ಅದು ನಿಜವಾಗಿ ವಾಂತಿಯೇ?

ತುರ್ತಿನ ಲಕ್ಷಣ ಏನೂ ಇಲ್ಲ ಅಂದರೆ ಇಲ್ಲಿಂದ ಶುರು ಮಾಡಿ. ಬೆಕ್ಕಿನ ಬಾಯಿಂದ ಏನಾದರೂ ಹೊರಬಂದರೆ ಎಲ್ಲವನ್ನೂ ನಾವು ವಾಂತಿ ಎನ್ನುತ್ತೇವೆ. ಆದರೆ ಮೂರು ಬೇರೆ ಬೇರೆ ಸಂಗತಿಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ವಾಂತಿಗೆ ಮೊದಲು ಹೊಟ್ಟೆ ತೊಳಸುತ್ತದೆ. ಬೆಕ್ಕು ತುಟಿ ನೆಕ್ಕುತ್ತದೆ, ಜೊಲ್ಲು ಸುರಿಸುತ್ತದೆ, ಅತ್ತಿತ್ತ ಓಡಾಡಿ ಜಾಗ ಹುಡುಕುತ್ತದೆ. ಆಮೇಲೆ ಹೊಟ್ಟೆ ಹಿಂಡಿ ಹಿಂಡಿ ಹೊರಹಾಕುತ್ತದೆ. ಆ ಗುಳುಕ್ ಸದ್ದು ಅದರದ್ದೇ.

ಎರಡನೆಯದು ಉಗುಳುವುದು. ಇದರಲ್ಲಿ ಹೊಟ್ಟೆ ಹಿಂಡುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ತಲೆ ಬಗ್ಗಿಸುತ್ತದೆ, ಊಟ ಹಾಗೇ ಜಾರಿ ಬೀಳುತ್ತದೆ. ಹಲವು ಸಲ ಕೊಳವೆಯ ಆಕಾರದಲ್ಲೇ ಇರುತ್ತದೆ. ಅಂದರೆ ಊಟ ಜಠರ ತಲುಪಿಯೇ ಇಲ್ಲ, ತೊಂದರೆ ಇರುವುದು ಅನ್ನನಾಳದಲ್ಲಿ. ಇದಕ್ಕೆ ಮಾಡುವ ಪರೀಕ್ಷೆಗಳೇ ಬೇರೆ.

ಮೂರನೆಯದು ಕೆಮ್ಮು. ಬೆಕ್ಕು ನೆಲಕ್ಕೆ ಅಂಟಿದಂತೆ ಕೂತು, ಕತ್ತು ಮುಂದಕ್ಕೆ ಚಾಚಿ, ಗೊರಗೊರ ಸದ್ದು ಮಾಡುತ್ತದೆ. ಕೊನೆಗೆ ಏನೂ ಬರುವುದಿಲ್ಲ, ಅಥವಾ ಒಂದಿಷ್ಟು ನೊರೆ ಬರುತ್ತದೆ. 'ಕೂದಲು ಬರ್ತಾ ಇಲ್ಲ ಪಾಪ' ಎಂದು ವರ್ಷಗಟ್ಟಲೆ ಅಂದುಕೊಂಡದ್ದು ಆಸ್ತಮಾ ಆಗಿರಬಹುದು.

ಮೂರರಲ್ಲಿ ಯಾವುದು ಎಂದು ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ. ಅದಕ್ಕೇ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಹದಿನೈದು ಸೆಕೆಂಡಿನ ವಿಡಿಯೋ ಇದ್ದರೆ ವೈದ್ಯರಿಗೆ ಎಷ್ಟೋ ಕೆಲಸ ಉಳಿಯುತ್ತದೆ.

ಒರೆಸುವ ಮೊದಲು ಬಗ್ಗಿ ನೋಡಿ

ಅಸಹ್ಯ ಎನಿಸಬಹುದು, ಆದರೆ ಬಿಡಬೇಡಿ. ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ಒರೆಸಿ.

ಊಟದ ಕಾಳುಗಳು ಹಾಗೇ ಇವೆಯೇ? ತಿಂದು ಎಷ್ಟು ಹೊತ್ತಾಯಿತು ಎನ್ನುವುದು ಇಲ್ಲಿ ಮುಖ್ಯ. ಹತ್ತು ನಿಮಿಷವಾಗಿದ್ದರೆ ಅವಸರದಲ್ಲಿ ನುಂಗಿದ್ದಿರಬೇಕು. ಹತ್ತು ಗಂಟೆಯಾಗಿದ್ದೂ ಕಾಳು ಕಾಳಾಗಿ ಬಂದರೆ ಜಠರ ಖಾಲಿಯಾಗುತ್ತಿಲ್ಲ ಎಂದರ್ಥ. ಅದನ್ನು ವೈದ್ಯರಿಗೆ ಹೇಳಲೇಬೇಕು.

ಬರೀ ಹಳದಿ ನೀರು ಅಥವಾ ಬಿಳಿ ನೊರೆ ಬಂದರೆ ಹೊಟ್ಟೆ ಖಾಲಿ ಇತ್ತು ಎಂದಷ್ಟೇ ತಿಳಿಯುತ್ತದೆ. ಹಳದಿ ಬಣ್ಣ ಪಿತ್ತದ್ದು. ಬೆಳಗಿನ ಜಾವ ಮಾತ್ರ ಹೀಗಾಗುತ್ತಿದ್ದರೆ ಮಲಗುವ ಮೊದಲು ಒಂದು ಸಣ್ಣ ಊಟ ಕೊಟ್ಟು ನೋಡಿ. ಅಷ್ಟಕ್ಕೇ ನಿಂತರೆ ಒಳ್ಳೆಯದು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ನಾನು ಕೂತಿದ್ದೆ.

ಬೇಯಿಸಿದ ಶಾವಿಗೆಯಂತೆ ಉದ್ದಗೆ, ಬಿಳಿಯಾಗಿ ಏನಾದರೂ ಕಂಡರೆ ಅದು ದುಂಡುಹುಳು. ಮರಿಗಳಿಗೆ ತಾಯಿಯ ಹಾಲಿನಿಂದಲೇ ಬರುತ್ತದೆ. ಹುಳು ಕಣ್ಣಿಗೆ ಬೀಳದಿದ್ದರೂ ಹೊಟ್ಟೆಯಲ್ಲಿ ಇರಬಹುದು, ಹಾಗಾಗಿ ಮಲ ಪರೀಕ್ಷೆ ಮಾಡಿಸಿ. ಹುಳುವಿನ ಔಷಧವನ್ನು ತೂಕಕ್ಕೆ ತಕ್ಕಂತೆ ವೈದ್ಯರೇ ಹೇಳಲಿ. ನಾಯಿಯ ಔಷಧ ಬೆಕ್ಕಿಗೆ ಬೇಡ.

ಹುಲ್ಲು ಇದ್ದರೆ? ಹುಲ್ಲು ಮೇಯುವುದು ಬೆಕ್ಕಿನ ಸಹಜ ಗುಣ. ತಿಂದ ಪ್ರತಿ ಸಲವೂ ವಾಂತಿ ಆಗುವುದಿಲ್ಲ.

ಕೂದಲಿನ ಉಂಡೆಯ ಬಗ್ಗೆ ಒಂದಿಷ್ಟು

ಬೆಕ್ಕು ಎಚ್ಚರವಿರುವ ಹೊತ್ತಿನಲ್ಲಿ ದೊಡ್ಡ ಪಾಲು ಮೈ ನೆಕ್ಕುವುದರಲ್ಲೇ ಕಳೆಯುತ್ತದೆ. ಕೂದಲು ಹೊಟ್ಟೆಗೆ ಹೋಗುವುದು ಸಹಜ. ಆದರೆ ಆರೋಗ್ಯವಂತ ಬೆಕ್ಕಿನಲ್ಲಿ ಆ ಕೂದಲು ಮುಂದೆ ಸಾಗಿ ಮಲದಲ್ಲಿ ಹೋಗಬೇಕು. ಪದೇ ಪದೇ ಬಾಯಿಂದ ಬರುತ್ತಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಯಾಕೆ ಅಷ್ಟೊಂದು ನೆಕ್ಕುತ್ತಿದೆ? ಮತ್ತೆ, ನುಂಗಿದ ಕೂದಲು ಯಾಕೆ ಮುಂದೆ ಹೋಗುತ್ತಿಲ್ಲ?

ಮೊದಲ ಪ್ರಶ್ನೆಗೆ ಉತ್ತರ ಚರ್ಮದಲ್ಲಿರಬಹುದು. ಚಿಗಟ, ಅಲರ್ಜಿ, ನೋವು, ಮನೆಯಲ್ಲಿ ಆದ ಬದಲಾವಣೆಯಿಂದ ಹುಟ್ಟಿದ ಒತ್ತಡ. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಬೆಕ್ಕನ್ನು ಬಾಚಿ. ಕಪ್ಪು ಚುಕ್ಕೆಗಳು ಬಿದ್ದು ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಎರಡನೆಯ ಪ್ರಶ್ನೆಗೆ ಉತ್ತರ ಕರುಳಿನಲ್ಲಿರುತ್ತದೆ. ಕರುಳಿನ ಉರಿಯೂತ ಇರುವ ಎಷ್ಟೋ ಬೆಕ್ಕುಗಳು 'ಕೂದಲಿನ ಸಮಸ್ಯೆ' ಎಂಬ ಹೆಸರಿನಲ್ಲೇ ವರ್ಷ ತಳ್ಳುತ್ತವೆ. ಅದಕ್ಕೇ ನನಗೆ ಕೂದಲು ಇಳಿಸುವ ಪೇಸ್ಟ್‌ಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ದಿನಾ ಬಾಚುವುದು ಅದಕ್ಕಿಂತ ಒಳ್ಳೆಯದು. ಬಾಚುವಾಗ ಮೈಯೂ ಕೈಗೆ ಸಿಗುತ್ತದೆ, ಸೊರಗುತ್ತಿದ್ದರೆ ಗೊತ್ತಾಗುತ್ತದೆ.

ಒಂದು ನೋಟ್‌ಬುಕ್ ಇಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ. ವಾಂತಿಯಾದ ದಿನ, ಹೊತ್ತು, ಏನು ಬಂತು, ಎಷ್ಟು ಬಂತು, ಕೊನೆಯ ಊಟ ಯಾವಾಗ, ಏನು ತಿಂದಿತ್ತು, ಆಮೇಲೆ ಹೇಗಿತ್ತು. ಇಷ್ಟು ಬರೆಯಲು ಒಂದು ನಿಮಿಷ ಸಾಕು. ಚಿನ್ನಿಯ ನೋಟ್‌ಬುಕ್‌ನಿಂದ ಎರಡು ಸಾಲು ಇಲ್ಲಿವೆ:

'ಮಂಗಳವಾರ, ಬೆಳಿಗ್ಗೆ 5:10. ಹಳದಿ ನೊರೆ, ಎರಡು ಚಮಚದಷ್ಟು. ಕೊನೆಯ ಊಟ ರಾತ್ರಿ 8ಕ್ಕೆ. ಆದ ಕೂಡಲೇ ತಟ್ಟೆ ಹತ್ತಿರ ಬಂದು ಕೂತಳು.'

'ಶುಕ್ರವಾರ, ಸಂಜೆ 6:40. ಡ್ರೈ ಫುಡ್, ಕಾಳು ಕಾಳಾಗಿದೆ. ತಿಂದು 10 ನಿಮಿಷ. ಒಂದೇ ಉಸಿರಿಗೆ ತಿಂದಿದ್ದಳು.'

ಒಂದೊಂದೇ ಓದಿದರೆ ಏನೂ ಗೊತ್ತಾಗುವುದಿಲ್ಲ. ಮೂರು ವಾರದ್ದು ಒಟ್ಟಿಗೆ ಓದಿದಾಗ ಕಣ್ಣಿಗೆ ಕಾಣಲು ಶುರುವಾಗುತ್ತದೆ. ಹಸಿದಿದ್ದರೂ ವಾಂತಿ, ತಿಂದರೂ ವಾಂತಿ, ಆದರೂ ತಟ್ಟೆಗೆ ಓಡಿ ಬರುವಷ್ಟು ಹಸಿವು.

ಲಿಟರ್ ಬಾಕ್ಸ್‌ನ ವಿಷಯವೂ ಬರೆಯಿರಿ. ವಯಸ್ಸಾದ ಬೆಕ್ಕುಗಳು ಮಲಬದ್ಧತೆಯಿಂದ ತಿಣುಕಿ ತಿಣುಕಿ, ಹೊರಗೆ ಬಂದ ಮೇಲೆ ವಾಂತಿ ಮಾಡುವುದುಂಟು. ಆಗ ಸರಿಪಡಿಸಬೇಕಾದದ್ದು ಮಲಬದ್ಧತೆಯನ್ನು. ನೀರು ಎಷ್ಟು ಕುಡಿಯುತ್ತದೆ ಎಂದು ಒಂದೆರಡು ದಿನ ಅಳತೆ ಮಾಡಿ. 4 ಕಿಲೋ ಬೆಕ್ಕು ದಿನಕ್ಕೆ 200 ಮಿಲಿಲೀಟರ್ ಮೀರಿ ಕುಡಿಯುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮೂರನ್ನೂ ನೋಡಬೇಕಾಗುತ್ತದೆ.

ಜೊತೆಗೆ ವಾರಕ್ಕೊಮ್ಮೆ ತೂಕ. ಮಕ್ಕಳನ್ನು ತೂಗುವ ತಕ್ಕಡಿ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆಯಿರಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ, 60 ಕಿಲೋ ಮನುಷ್ಯ 6 ಕಿಲೋ ಇಳಿದಂತೆ. ಕೂದಲು ದಟ್ಟವಾಗಿರುವುದರಿಂದ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ವಾಂತಿಯ ಜೊತೆ ತೂಕವೂ ಇಳಿಯುತ್ತಿದ್ದರೆ ಮನೆ ಪ್ರಯೋಗ ಸಾಕು, ವೈದ್ಯರ ಬಳಿ ಹೋಗಿ.

ಊಟದ ಕಡೆಯಿಂದ ಹುಡುಕುವುದು

ತೂಕ ಸರಿಯಾಗಿದೆ, ಆಟವಾಡುತ್ತಿದೆ, ಆದರೂ ಆಗಾಗ ವಾಂತಿ ಎನ್ನುವ ಬೆಕ್ಕಿನಲ್ಲಿ ಮೊದಲು ನೋಡಬೇಕಾದ್ದು ಊಟ.

ತಿಂದ ಕೂಡಲೇ ಹೊರಹಾಕುತ್ತಿದ್ದರೆ ಅದು ತಿನ್ನುವಾಗ ದೂರ ನಿಂತು ನೋಡಿ. ಇನ್ನೊಂದು ಬೆಕ್ಕು ಪಕ್ಕದಲ್ಲಿದ್ದರೆ ಕಸಿದುಕೊಳ್ಳುತ್ತದೆ ಎಂಬ ಭಯಕ್ಕೆ ಗಬಗಬ ನುಂಗುತ್ತದೆ. ಬೇರೆ ಕೋಣೆಯಲ್ಲಿ ತಟ್ಟೆ ಇಡಿ. ಅಗಲವಾದ ತಟ್ಟೆಯಲ್ಲಿ ಕಾಳುಗಳನ್ನು ಹರಡಿ. ಎರಡು ಸಲದ ಊಟವನ್ನು ನಾಲ್ಕೈದು ಸಲಕ್ಕೆ ಹಂಚಿ. ಹತ್ತು ದಿನದಲ್ಲಿ ವ್ಯತ್ಯಾಸ ಕಾಣಬೇಕು.

ಇತ್ತೀಚೆಗೆ ಊಟ ಬದಲಿಸಿದ್ದೀರಾ? ಹೊಸ ಫುಡ್ ಅನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು. ಹಾಲು ಕೊಡುತ್ತಿದ್ದರೆ ನಿಲ್ಲಿಸಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ.

ವರ್ಷಗಳಿಂದ ತಿನ್ನುತ್ತಿರುವ ಊಟವೇ ಒಗ್ಗದೆ ಹೋಗಬಹುದು. ಇದನ್ನು ತಿಳಿಯಲು ನಂಬಬಹುದಾದ ರಕ್ತ ಪರೀಕ್ಷೆ ಇಲ್ಲ. ಊಟವನ್ನೇ ಬದಲಿಸಿ ನೋಡಬೇಕು. ಇದುವರೆಗೆ ತಿಂದೇ ಇರದ ಒಂದು ಮಾಂಸದ ಊಟ, ಅಥವಾ ಪ್ರೋಟೀನನ್ನು ಸಣ್ಣ ಸಣ್ಣದಾಗಿ ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಫುಡ್. ವೈದ್ಯರನ್ನು ಕೇಳಿಯೇ ಆರಿಸಿ. ಬರೀ ವಾಂತಿಯಾದರೆ ಎರಡು ಮೂರು ವಾರದಲ್ಲಿ ಗುಣ ಕಾಣುವುದು ಹೆಚ್ಚು. ಚರ್ಮದ ತುರಿಕೆಯೂ ಇದ್ದರೆ ಎಂಟು ವಾರ ಬೇಕು.

ಈ ಪ್ರಯೋಗ ಕೆಡುವುದು ಎಲ್ಲಿ ಗೊತ್ತಾ? ಮನೆಯವರ ಪ್ರೀತಿಯಲ್ಲಿ. ಒಬ್ಬರು ಸುಮ್ನೆ ಒಂದು ಟ್ರೀಟ್ ಕೊಡುತ್ತಾರೆ, ಇನ್ನೊಬ್ಬರು ತಮ್ಮ ತಟ್ಟೆಯಿಂದ ಒಂದು ಚೂರು ಹಾಕುತ್ತಾರೆ. ರುಚಿ ಸೇರಿಸಿದ ಮಾತ್ರೆಯಿಂದಲೂ ಲೆಕ್ಕ ತಪ್ಪುತ್ತದೆ. ಫ್ರಿಜ್ ಮೇಲೆ ಚೀಟಿ ಅಂಟಿಸಿ, ಎಲ್ಲರಿಗೂ ಹೇಳಿ. ವಾಂತಿ ನಿಂತರೆ ಕೊನೆಯಲ್ಲಿ ಹಳೆಯ ಊಟವನ್ನು ಸ್ವಲ್ಪ ಕೊಟ್ಟು ನೋಡಿ. ಮತ್ತೆ ಶುರುವಾದರೆ ಕಾರಣ ಸಿಕ್ಕಿತು.

ವಯಸ್ಸು ಏನು ಹೇಳುತ್ತದೆ?

ಮರಿಗಳಲ್ಲಿ ಹುಳು, ನುಂಗಬಾರದ್ದು ನುಂಗಿದ್ದು, ಲಸಿಕೆ ಆಗಿರದಿದ್ದರೆ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಸ್ ಕಾಯಿಲೆ. ನಡುವಯಸ್ಸಿನಲ್ಲಿ ಊಟ ಒಗ್ಗದಿರುವುದು, ಕರುಳಿನ ಉರಿಯೂತ, ಮೇದೋಜೀರಕ ಗ್ರಂಥಿಯ ಉರಿಯೂತ. ಈ ಗ್ರಂಥಿಯ ಉರಿಯೂತ ಬೆಕ್ಕಿನಲ್ಲಿ ಜೋರಾಗಿ ಕಾಣಿಸಿಕೊಳ್ಳುವುದೇ ಕಡಿಮೆ. ಮಂಕಾಗಿರುವುದು, ಊಟ ಬೇಡ ಎನ್ನುವುದು, ಅಷ್ಟೇ. ವಾಂತಿ ಇಲ್ಲದೆಯೂ ಇರಬಹುದು.

ಹತ್ತು ದಾಟಿದ ಮೇಲೆ ಪಟ್ಟಿ ಬದಲಾಗುತ್ತದೆ. ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ, ರಾತ್ರಿ ಕೂಗಾಡುತ್ತಿದ್ದರೆ, ನಿಂತಲ್ಲಿ ನಿಲ್ಲದಿದ್ದರೆ ಥೈರಾಯ್ಡ್. ನೀರು ಜಾಸ್ತಿ ಕುಡಿದು, ಊಟ ಕಡಿಮೆಯಾಗಿ, ಬಾಯಿ ವಾಸನೆ ಬರುತ್ತಿದ್ದರೆ ಕಿಡ್ನಿ. ಕರುಳಿನ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಈ ವಯಸ್ಸಿನಲ್ಲೇ ಹೆಚ್ಚು. ಹೆಸರು ಕೇಳಿ ಎದೆ ಒಡೆದುಕೊಳ್ಳಬೇಡಿ. ಅದರಲ್ಲಿ ನಿಧಾನವಾಗಿ ಬೆಳೆಯುವ ಬಗೆಗೆ ಮಾತ್ರೆಗಳಲ್ಲೇ ಚಿಕಿತ್ಸೆ ಇದೆ, ಎಷ್ಟೋ ಬೆಕ್ಕುಗಳು ಆಮೇಲೆ ಒಂದೆರಡು ವರ್ಷ, ಕೆಲವು ಇನ್ನೂ ಹೆಚ್ಚು ಕಾಲ ಚೆನ್ನಾಗಿ ಬಾಳುತ್ತವೆ.

ವೈದ್ಯರ ಬಳಿ

ನೋಟ್‌ಬುಕ್, ಫೋಟೋ, ವಿಡಿಯೋ, ಕೊಡುತ್ತಿರುವ ಎಲ್ಲ ಔಷಧಗಳ ಹೆಸರು, ಫುಡ್ ಪ್ಯಾಕೆಟ್‌ನ ಹಿಂಬದಿಯ ಚಿತ್ರ, ತಾಜಾ ಮಲ ಸ್ವಲ್ಪ. ಇಷ್ಟು ತೆಗೆದುಕೊಂಡು ಹೋಗಿ. ಊಟ ಕೊಡದೆ ಕರೆತರಬೇಕೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಪರೀಕ್ಷೆಗಳು ಸಾಮಾನ್ಯವಾಗಿ ಹೀಗೆ ಸಾಗುತ್ತವೆ. ಮೈ ಮುಟ್ಟಿ ನೋಡುವುದು, ನಾಲಿಗೆಯ ಅಡಿ ನೋಡುವುದು, ಕತ್ತಿನಲ್ಲಿ ಥೈರಾಯ್ಡ್ ಊದಿದೆಯೇ ಎಂದು ತಡವುವುದು. ಆಮೇಲೆ ರಕ್ತ, ಮೂತ್ರ, ಮಲ. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್ ಹಾರ್ಮೋನು ಅಳೆಯುವ ಟಿ4 ಪರೀಕ್ಷೆ ಸೇರಿದೆಯೇ ಎಂದು ಕೇಳಿ, ಎಲ್ಲ ರಕ್ತ ಪರೀಕ್ಷೆಯಲ್ಲೂ ಅದು ಇರುವುದಿಲ್ಲ. ಕರುಳಿನ ಅನುಮಾನ ಇದ್ದರೆ ರಕ್ತದಲ್ಲಿ ಬಿ12 ವಿಟಮಿನ್ ಎಷ್ಟಿದೆ ಎಂದು ನೋಡುತ್ತಾರೆ. ಕರುಳು ಕೆಟ್ಟಾಗ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬಿ12 ತುಂಬಿಸಿದ ಮೇಲಷ್ಟೇ ಉಳಿದ ಔಷಧ ಸರಿಯಾಗಿ ಹಿಡಿಯುವುದೂ ಉಂಟು. ಅಡ್ಡಿ ಇದೆಯೇ ಎಂದು ತಿಳಿಯಲು ಎಕ್ಸ್‌ರೇ, ಕರುಳಿನ ಗೋಡೆ ದಪ್ಪವಾಗಿದೆಯೇ ಎಂದು ತಿಳಿಯಲು ಅಲ್ಟ್ರಾಸೌಂಡ್.

ಉರಿಯೂತ ಮತ್ತು ನಿಧಾನವಾಗಿ ಬೆಳೆಯುವ ಲಿಂಫೋಮಾ ಸ್ಕ್ಯಾನಿನಲ್ಲಿ ಒಂದೇ ಥರ ಕಾಣಬಹುದು. ಎರಡನ್ನೂ ಬೇರೆ ಮಾಡಿ ತಿಳಿಯಲು ಬಯಾಪ್ಸಿಯೇ ಬೇಕು, ಅಂದರೆ ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷಿಸಬೇಕು. ಬಯಾಪ್ಸಿ ಸಣ್ಣ ಮಾತಲ್ಲ, ಅರಿವಳಿಕೆ ಕೊಡಬೇಕಾಗುತ್ತದೆ. 'ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?' ಎಂದು ಕೇಳಿ. ಎಲ್ಲ ಪರೀಕ್ಷೆ ಒಮ್ಮೆಲೇ ಮಾಡಿಸಲು ಆಗದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವರು ಜೋಡಿಸಿ ಕೊಡುತ್ತಾರೆ.

ಅಲ್ಲಿಯವರೆಗೆ ಮನೆಯಲ್ಲಿ

ಬೆಳೆದ ಬೆಕ್ಕು ಒಂದೆರಡು ಸಲ ವಾಂತಿ ಮಾಡಿ, ಉಳಿದಂತೆ ಲವಲವಿಕೆಯಿಂದ ಇದ್ದರೆ ಕೆಲವು ಗಂಟೆ ಹೊಟ್ಟೆಗೆ ಬಿಡುವು ಕೊಡಿ. ನೀರು ಇರಲಿ. ಆಮೇಲೆ ಅದು ಎಂದಿನಂತೆ ತಿನ್ನುವುದನ್ನೇ ಒಂದು ಚಮಚದಷ್ಟು ಕೊಡಿ. ನಿಂತರೆ ಎರಡು ಮೂರು ಗಂಟೆಗೆ ಇನ್ನೊಂದು ಚಮಚ. ದಿನಪೂರ್ತಿ ಉಪವಾಸ ಹಾಕಬೇಡಿ, ಮರಿಗಂತೂ ಬೇಡವೇ ಬೇಡ. ಮನುಷ್ಯರ ವಾಂತಿ ಔಷಧ, ಹೊಟ್ಟೆನೋವಿನ ಔಷಧ ಯಾವುದೂ ಬೇಡ.

ವೈದ್ಯರು ಮಾತ್ರೆ ಬರೆದರೆ ಒಣಗಿದ್ದನ್ನೇ ನುಂಗಿಸಬೇಡಿ. ಬೆಕ್ಕಿನ ಅನ್ನನಾಳದಲ್ಲಿ ಮಾತ್ರೆ ಸಿಕ್ಕಿಕೊಳ್ಳುವುದು ಸುಲಭ. ಡಾಕ್ಸಿಸೈಕ್ಲಿನ್‌ನಂಥದ್ದು ಅಲ್ಲೇ ಕೂತರೆ ಸುಟ್ಟು ಗಾಯ ಮಾಡುತ್ತದೆ. ಮಾತ್ರೆ ಆದ ಮೇಲೆ ಸಿರಿಂಜಿನಲ್ಲಿ 5 ಮಿಲಿಲೀಟರ್ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಿ, ಇಲ್ಲವೇ ಒಂದು ತುತ್ತು ವೆಟ್ ಫುಡ್ ತಿನ್ನಿಸಿ.

ಚಿಕಿತ್ಸೆ ಶುರುವಾಯಿತು ಎಂದು ನೋಟ್‌ಬುಕ್ ಮುಚ್ಚಬೇಡಿ. ಚಿನ್ನಿಗೆ ಥೈರಾಯ್ಡ್‌ನ ಮೆಥಿಮಜೋಲ್ ಮಾತ್ರೆ ಶುರುವಾದ ಎರಡನೇ ವಾರ ವಾಂತಿ ಮತ್ತೆ ಜಾಸ್ತಿಯಾಯಿತು. ಪುಟ ತಿರುವಿ ನೋಡಿದರೆ ಪ್ರತಿ ಸಲವೂ ಮಾತ್ರೆ ಕೊಟ್ಟು ಎರಡು ಗಂಟೆಯೊಳಗೇ ಆಗಿತ್ತು. ಅದನ್ನು ತೋರಿಸಿದಾಗ ವೈದ್ಯರು ಮಾತ್ರೆ ನಿಲ್ಲಿಸಿ ಅದೇ ಔಷಧವನ್ನು ಜೆಲ್ ರೂಪದಲ್ಲಿ ಕೊಟ್ಟರು. ಕೈಗೆ ಗ್ಲೌಸ್ ಹಾಕಿಕೊಂಡು, ಕಿವಿಯ ಒಳಮೈಗೆ ಬಟಾಣಿಗಿಂತ ಚಿಕ್ಕ ಹನಿ, ದಿನಕ್ಕೆರಡು ಸಲ. ಒಂದು ದಿನ ಎಡಕಿವಿ, ಮಾರನೇ ದಿನ ಬಲಕಿವಿ. ಥೈರಾಯ್ಡ್ ಇಳಿದ ಮೇಲೆ ಅಡಗಿದ್ದ ಕಿಡ್ನಿ ತೊಂದರೆ ಹೊರಬೀಳುವುದುಂಟು ಎಂದು ಕಿಡ್ನಿಯನ್ನೂ ಮತ್ತೆ ಪರೀಕ್ಷೆ ಮಾಡಿದರು. ಸರಿಯಿತ್ತು. ಪ್ರತಿ ಭಾನುವಾರ ತೂಕ ಹಾಕಿದೆ. ಎಂಟನೇ ಭಾನುವಾರ 4.2 ಕಿಲೋ ಎಂದು ಬರೆದೆ. ವಾಂತಿಯ ಸಾಲು ಆ ವಾರ ಖಾಲಿ ಇತ್ತು.